‘ಟೈಮ್’ ಕಾರ್ಡುಗಳು: ಐದನೇ ವಾರದ ಲೆಕ್ಕ

ಒಂದೇ ಇಂಗ್ಲಿಷ್ ಪದ ಹಿಡಿದು, ಅದರ ಅರ್ಥಗಳನ್ನೆಲ್ಲ ಫ್ರೆಂಚ್‌ಗೆ ತರುವ ಹುಚ್ಚು ಹಚ್ಚಿಕೊಂಡಿದ್ದೇನೆ. ಪದ ‘ಟೈಮ್’. ಇಂಗ್ಲಿಷ್‌ನಲ್ಲಿ ಅತಿ ಹೆಚ್ಚು ಬಳಕೆಯಾಗುವ ನಾಮಪದ ಇದೇ ಎಂದು ಆಕ್ಸ್‌ಫರ್ಡ್ ನಿಘಂಟಿನವರು 2006ರಲ್ಲಿ ಹೇಳಿದ್ದರು. 60 ಕಾರ್ಡು ಮಾಡಿದೆ. ಮುಂದೆ ಇಂಗ್ಲಿಷ್ ವಾಕ್ಯ, ಹಿಂದೆ ಫ್ರೆಂಚ್.

ಮೊದಲ ವಾರ

ನಿಘಂಟು ತೆರೆದರೆ ಸಾಲಾಗಿ ತಾಂ, ಎರ್, ಫ್ವಾ, ಎಪೋಕ್, ಮೊಮಾಂ. ಯಾವುದು ಎಲ್ಲಿಗೆ? ಸುಮ್ನೆ ಎಲ್ಲ ಕಡೆ ‘ತಾಂ’ ಹಾಕಿದೆ. ಕ್ಲಾಸಿನಲ್ಲಿ ಗಂಟೆ ಕೇಳಲು ಹೋಗಿ ‘ಕೆಲ್ ತಾಂ’ ಎಂದುಬಿಟ್ಟೆ. ಮೇಡಂ ಕಿಟಕಿ ಕಡೆ ನೋಡಿ ‘ಮಳೆ ಬರುವ ಹಾಗಿದೆ’ ಎಂದರು. ತಾಂ ಅಂದರೆ ಹವೆಯೂ ಹೌದು! ಗಡಿಯಾರದ ಟೈಮಿಗೆ ಎರ್ ಬೇಕು: ‘ಕೆಲ್ ಎರ್ ಎತಿಲ್’.

ಎರಡನೇ ವಾರ

ಇಂಗ್ಲಿಷ್‌ನಿಂದ ನೇರ ಹಾರುವುದು ಬಿಟ್ಟೆ. ಮೊದಲು ಕನ್ನಡದಲ್ಲಿ ಹೇಳಿಕೊಂಡೆ. ‘ಮೂರು ಸಲ ಫೋನ್ ಮಾಡಿದೆ’ ಎಂದಾಗ ಅಲ್ಲಿ ‘ಸಮಯ’ ಬರುವುದೇ ಇಲ್ಲ, ಅಲ್ವಾ? ಸಲ, ಬಾರಿ, ಸರ್ತಿ ಎಲ್ಲವೂ ಫ್ವಾ. ಆಮೇಲೆ ಗೊತ್ತಾಯಿತು, ಫ್ವಾ ಹುಟ್ಟಿದ್ದು ‘ಸರದಿ’ ಎಂಬ ಅರ್ಥ ಇರುವ ಲ್ಯಾಟಿನ್ ಪದದಿಂದ. ನಮ್ಮ ‘ಬಾರಿ’ಯೂ ಹಾಗೇ. ‘ಈಗ ನಿನ್ನ ಬಾರಿ’ ಅನ್ನುತ್ತೇವೆ, ‘ಮೂರು ಬಾರಿ’ ಅಂತಲೂ ಅನ್ನುತ್ತೇವೆ. ಮಗ್ಗಿಗೂ ಅವರಿಗೆ ಫ್ವಾ ಬೇಕು. ನಾವು ‘ಎರಡು ಮೂರ್ಲೆ ಆರು’ ಎನ್ನುವ ಕಡೆ ಅವರು ‘ದ ಫ್ವಾ ತ್ರ್ವಾ’ ಎನ್ನುತ್ತಾರೆ. ಒಂದೇ ದಿನ 17 ಕಾರ್ಡು ಸರಿಹೋದವು.

(ಪಿತ್ತಜನಕಾಂಗಕ್ಕೂ, ನಂಬಿಕೆಗೂ ಇದೇ ಉಚ್ಚಾರ. ಬರೆಯುವಾಗ ಮಾತ್ರ ಬೇರೆ ಬೇರೆ. ಫ್ರೆಂಚರ ಕಿವಿಗೆ ನಮಸ್ಕಾರ.)

ಮೂರನೇ ವಾರ

ಉಪಾಯ ಕೈಕೊಟ್ಟಿತು. ಕಾರಣ ನಮ್ಮ ‘ಹೊತ್ತು’. ‘ನನಗೆ ಹೊತ್ತಿಲ್ಲ’ ಅಂದರೆ ತಾಂ. ‘ಊಟದ ಹೊತ್ತು’ ಅಂದರೆ ಎರ್. ‘ಹೊತ್ತಾಯ್ತು’ ಅಂದರೆ ಎರಡೂ ಅಲ್ಲ, ತಡವಾಯಿತು ಎಂದೇ ಹೇಳಬೇಕು. ಕೊನೆಗೆ ಇನ್ನೊಂದು ಪ್ರಶ್ನೆ ಸೇರಿಸಿಕೊಂಡೆ: ಇದು ಅಳೆದು ಖರ್ಚು ಮಾಡುವಂಥದ್ದೋ, ಗಡಿಯಾರದಲ್ಲಿ ಬೆರಳಿಟ್ಟು ತೋರಿಸುವಂಥದ್ದೋ? ಖರ್ಚಾಗುವುದು ತಾಂ, ಬೆರಳಿಟ್ಟು ತೋರಿಸುವುದು ಎರ್.

‘ಒಂದಾನೊಂದು ಕಾಲದಲ್ಲಿ’ ಇನ್ನೊಂದು ಪೆಟ್ಟು. ಯುಗ ಎಂಬರ್ಥದ ಎಪೋಕ್ ಇರುತ್ತದೆ ಎಂದು ಕಣ್ಣುಮುಚ್ಚಿ ಬರೆದಿದ್ದೆ. ಅವರ ಅಜ್ಜಿಕಥೆ ಶುರುವಾಗುವುದು ‘ಇಲ್ ಎತೆ ಯುನ್ ಫ್ವಾ’ ಎಂದು. ಒಂದು ಸಲ ಇತ್ತು, ಅಷ್ಟೆ!

ನಾಲ್ಕನೇ ವಾರ

ಬರೀ ‘ಆನ್ ಟೈಮ್’, ‘ಇನ್ ಟೈಮ್’. ರೈಲು ಹೇಳಿದ ಗಂಟೆಗೆ ಬಂದರೆ ‘ಆ ಲೆರ್’. ನಾವು ಓಡಿಹೋಗಿ ರೈಲು ಹೊರಡುವ ಮುಂಚೆ ಹತ್ತಿದರೆ ‘ಆ ತಾಂ’. ಹಿಂದಿನ ವಾರದ ಪ್ರಶ್ನೆ ಇಲ್ಲೂ ಕೆಲಸ ಮಾಡಿತು. ರೈಲು ಗಡಿಯಾರ ನೋಡುತ್ತದೆ, ನಾವು ಉಳಿದ ನಿಮಿಷ ನೋಡುತ್ತೇವೆ.

ಈ ವಾರ

ತಾಂ ಇಂಗ್ಲಿಷ್‌ನವರು ಟೈಮ್ ಎನ್ನದ ಕಡೆಗೂ ನುಗ್ಗುತ್ತದೆ. ವ್ಯಾಕರಣದ ಭೂತಕಾಲ, ಭವಿಷ್ಯತ್ಕಾಲ ಎಲ್ಲ ತಾಂ. ಇಲ್ಲಿ ನಮಗೆ ಸುಲಭ, ಇಬ್ಬರದೂ ಕಾಲವೇ. ಫೋರ್ ಸ್ಟ್ರೋಕ್ ಎಂಜಿನ್ ಅವರಿಗೆ ‘ಕಾತ್ರ್ ತಾಂ’, ನಾಲ್ಕು ತಾಂ ಇರುವುದು. ಸಂಗೀತದ ಒಂದು ಏಟೂ ತಾಂ.

ಟೈಮ್ ಪೂರ್ತಿ ಮಾಯವಾಗುವ ಕಾರ್ಡುಗಳೂ ಇವೆ. ‘ಡೂಯಿಂಗ್ ಟೈಮ್’, ಅಂದರೆ ಜೈಲುವಾಸ. ಫ್ರೆಂಚ್‌ನಲ್ಲಿ ಶಿಕ್ಷೆ ಅನುಭವಿಸುವುದು, ಅಷ್ಟೆ. ನಾವಾದರೆ ಕಂಬಿ ಎಣಿಸುತ್ತೇವೆ. ನನಗೆ ನಮ್ಮದೇ ಜಾಸ್ತಿ ಇಷ್ಟ.

60ರಲ್ಲಿ 54 ಮುಗಿದವು. ಉಳಿದ ಆರರಲ್ಲಿ ನಾಲ್ಕು ‘ಬೈ ದ ಟೈಮ್’ ಇರುವಂಥವು. ಕನ್ನಡದಲ್ಲಿ ‘ನಾನು ಬರುವಷ್ಟರಲ್ಲಿ’ ಎಂದರೆ ಮುಗಿಯಿತು. ಫ್ರೆಂಚ್‌ನಲ್ಲಿ ‘ಲ ತಾಂ ಕ’ ಎಂದು ಶುರುಮಾಡಿದರೆ ಮುಂದಿನ ಕ್ರಿಯಾಪದ ಸಬ್‌ಜಂಕ್ಟಿವ್ ಎಂಬ, ಇನ್ನೂ ಖಚಿತವಾಗದ್ದನ್ನು ಹೇಳಲು ಬಳಸುವ ಬೇರೆ ರೂಪದಲ್ಲಿರಬೇಕು. ಆ ಪಾಠ ನನಗಿನ್ನೂ ಆಗಿಲ್ಲ. ನಾಲ್ಕನ್ನೂ ರಬ್ಬರ್ ಬ್ಯಾಂಡ್ ಹಾಕಿ ಡಬ್ಬಿಯ ತಳಕ್ಕೆ ಸೇರಿಸಿದ್ದೇನೆ.