ನೆಲದ ಆರ್ಕಿಡ್ ಯೋಜನೆ: ಮೊಳಕೆ ಬಂತು, ಶಿಲೀಂಧ್ರವೂ ಸಿಕ್ಕಿತು

ಹುಲ್ಲುಗಾವಲಿನಲ್ಲಿ ಹೂತಿಟ್ಟಿದ್ದ ಬೀಜದ ಪೊಟ್ಟಣಗಳನ್ನು ಈ ವಾರ ಹೊರತೆಗೆದೆವು. ಕೆಲವದರಲ್ಲಿ ಮೊಳಕೆಯೊಡೆದಿದೆ! ಸಸ್ಯೋದ್ಯಾನದ ಅಪರೂಪದ ಸಸ್ಯಗಳ ಸಂರಕ್ಷಣಾ ಕಾರ್ಯಕ್ರಮಕ್ಕೆ ಸ್ವಯಂಸೇವಕನಾಗಿ ಸೇರಿದಾಗಿನಿಂದ ಕಾಯುತ್ತಿದ್ದುದು ಇದಕ್ಕೇ.

ಆರ್ಕಿಡ್‌ನ ಒಂದು ಕಾಯಲ್ಲಿ ಸಾವಿರಗಟ್ಟಲೆ ಬೀಜ ಇರುತ್ತವೆ. ಆದರೆ ಮೊಳೆಯಲು ಬೇಕಾದಷ್ಟು ಆಹಾರ ಒಂದರಲ್ಲೂ ಇರುವುದಿಲ್ಲ. ಮಣ್ಣಿನ ಶಿಲೀಂಧ್ರವೇ ಒಳಹೊಕ್ಕು ಪೋಷಿಸಬೇಕು. ಫ್ರೆಂಚ್ ಸಸ್ಯವಿಜ್ಞಾನಿ ನೋಯೆಲ್ ಬರ್ನಾರ್ ಇದನ್ನು 1899ರಲ್ಲೇ ಕಂಡುಕೊಂಡಿದ್ದರು. 1922ರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಲೂಯಿಸ್ ನೂಡ್ಸನ್ ಸಕ್ಕರೆ ಬೆರೆಸಿದ ಅಗರ್‌ನಲ್ಲಿ (ಕಡಲಪಾಚಿಯಿಂದ ಮಾಡುವ ಲೋಳೆಯಂಥ ಮಾಧ್ಯಮ) ಶಿಲೀಂಧ್ರದ ಹಂಗಿಲ್ಲದೆ ಮೊಳಕೆ ಬರಿಸಿ ತೋರಿಸಿದರು. ಕುಂಡದಲ್ಲಿ ಬೆಳೆಸುವವರಿಗೆ ಅಷ್ಟು ಸಾಕು. ಬಯಲಿಗೆ ಮರಳಬೇಕಾದ ಗಿಡಕ್ಕೆ ಅಲ್ಲಿನ ಶಿಲೀಂಧ್ರದ ಒಡನಾಟ ಮೊದಲಿನಿಂದಲೇ ಇರಬೇಕು ಅನ್ನುವುದು ನನ್ನ ಗಟ್ಟಿ ನಂಬಿಕೆ.

ಅದಕ್ಕೇ ಈ ಪೊಟ್ಟಣಗಳು. 1993ರಲ್ಲಿ ರಾಸ್ಮುಸೆನ್ ಮತ್ತು ವಿಗಮ್ ಎಂಬ ಸಂಶೋಧಕರು ವಿವರಿಸಿದ ವಿಧಾನ ಇದು: ಸಣ್ಣ ಕಣ್ಣಿನ ನೈಲಾನ್ ಬಲೆಯೊಳಗೆ ಚಿಟಿಕೆ ಬೀಜ ಹಾಕಿ, ಫೋಟೋ ಸ್ಲೈಡ್‌ನ ಚೌಕಟ್ಟಿಗೆ ಸಿಕ್ಕಿಸಿ ಹೂಳುವುದು. ಬೀಜ ಆಚೆ ಹೋಗದು, ಶಿಲೀಂಧ್ರದ ಎಳೆ ಒಳಗೆ ಬರಬಲ್ಲದು. ನಮ್ಮಲ್ಲಿ ಮೊಳಕೆ ಕಂಡದ್ದು ಹೆಚ್ಚಾಗಿ ತಾಯಿಗಿಡಗಳ ಹತ್ತಿರ ಹೂತಿದ್ದ ಪೊಟ್ಟಣಗಳಲ್ಲೇ. ದೂರದವು ಬಹುತೇಕ ಹಾಗೇ ಇದ್ದವು.

ಒಂದು ಮೊಳಕೆಯನ್ನು ಸೂಕ್ಷ್ಮದರ್ಶಕದಡಿ ಕೊಯ್ದು ನೋಡಿದೆವು. ಎಲೆಯಿಲ್ಲ, ಬೇರಿಲ್ಲ, ಬರೀ ಬಿಳಿ ಗಂಟು, ಮೈಮೇಲೆ ನವಿರಾದ ರೋಮ. ಒಳಗಿನ ಜೀವಕೋಶಗಳಲ್ಲಿ ಶಿಲೀಂಧ್ರದ ಎಳೆಗಳು ನೂಲಿನುಂಡೆಯಂತೆ ಸುತ್ತಿಕೊಂಡಿದ್ದವು. ಅಂಥ ಸುರುಳಿಗಳನ್ನು ಬಿಡಿಸಿ ಪೆಟ್ರಿ ತಟ್ಟೆಗೆ ಹಾಕಿದ್ದೇವೆ, ಎಳೆಗಳು ಹರಡತೊಡಗಿವೆ. ಯಾವ ಜಾತಿಯದೆಂದು ಡಿಎನ್‌ಎ ಪರೀಕ್ಷೆಯಾದ ಮೇಲೆ ಬರೆಯುತ್ತೇನೆ.

ಆವಾಸದ ಕಡೆಯೂ ಒಳ್ಳೆಯ ಸುದ್ದಿಯಿದೆ. ಕಾಯಿ ಒಡೆದು ಬೀಜ ಉದುರಿದ ಮೇಲೆಯೇ ಹುಲ್ಲು ಕೊಯ್ಯಲು ಹುಲ್ಲುಗಾವಲಿನ ನಿರ್ವಾಹಕರು ಒಪ್ಪಿದ್ದಾರೆ. ಕೊಯ್ಯುವುದನ್ನೇ ನಿಲ್ಲಿಸಿದರೆ ಪೊದೆ ಬೆಳೆದು ನೆರಳು ಕವಿಯುತ್ತದೆ, ಆರ್ಕಿಡ್ ಉಳಿಯುವುದಿಲ್ಲ. ಹೂವಿನ ಹೊತ್ತಿಗೆ ಕೊಯ್ದರೆ ಬೀಜವೇ ಆಗುವುದಿಲ್ಲ. ಎಷ್ಟೋ ಸಂರಕ್ಷಣಾ ಯೋಜನೆಗಳಲ್ಲಿ ಬೇಲಿಗಿಂತ ಈ ಒಂದು ದಿನಾಂಕವೇ ಮುಖ್ಯ.

ಉಳಿದ ಬೀಜ 15% ಸಾಪೇಕ್ಷ ಆರ್ದ್ರತೆಯ ಕೋಣೆಯಲ್ಲಿ ಒಣಗುತ್ತಿದೆ, ಆಮೇಲೆ ಮೈನಸ್ 20 ಡಿಗ್ರಿಯ ಬೀಜ ಬ್ಯಾಂಕಿಗೆ. ಅದೇ ದಾಖಲೆ ಸಂಖ್ಯೆಯಡಿ ಶಿಲೀಂಧ್ರವನ್ನೂ ಕೂಡಿಡಬೇಕೆಂದು ಕೇಳಿದ್ದೆ, ಒಪ್ಪಿಗೆ ಸಿಕ್ಕಿದೆ. ಮುಂದಿನ ಕೆಲಸ, ಓಟ್ಸ್ ಬೆರೆಸಿದ ಅಗರ್ ಮೇಲೆ ಬೀಜ, ಶಿಲೀಂಧ್ರ ಎರಡನ್ನೂ ಒಟ್ಟಿಗೆ ಬೆಳೆಸುವುದು.