ರಗ್ಗು ಹೊದ್ದ ಕುದುರೆಗೆ ಕರೆಂಟು ಬೇಲಿ: ಒಂದು ಚಳಿಗಾಲದ ಕೆಲಸದ ದಾಖಲೆ

ಜಾಗ ಇಂಗ್ಲೆಂಡಿನ ಯಾರ್ಕ್‌ಶೈರ್. ಜೇಡಿಮಣ್ಣಿನ ನೆಲ, 70 ಮೀಟರ್ ಉದ್ದ, 50 ಮೀಟರ್ ಅಗಲದ ಚಳಿಗಾಲದ ಆವರಣ, ಮೂರು ಕುದುರೆ. ಸವಾರಿಯ ಕುದುರೆಗಳಾದ್ದರಿಂದ ಮೈಕೂದಲು ಕತ್ತರಿಸಿದೆ, ಹಾಗಾಗಿ ಅಕ್ಟೋಬರಿನಿಂದ ಮಾರ್ಚ್‌ವರೆಗೆ ಮೈಮೇಲೆ ರಗ್ಗು ಇರಲೇಬೇಕು. ತೊಡಕು ಶುರುವಾಗುವುದೇ ಅಲ್ಲಿ. ರಗ್ಗಿನ ಹೊರಪದರ ನೀರು ತಡೆಯುವ 1200 ಡೆನಿಯರ್ (ನೂಲಿನ ದಪ್ಪದ ಅಳತೆ) ಪಾಲಿಯೆಸ್ಟರ್, ಒಳಗೆ ಚದರ ಮೀಟರಿಗೆ 200 ಗ್ರಾಂ ತುಂಬುವಿಕೆ. ಕರೆಂಟಿನ ಲೆಕ್ಕದಲ್ಲಿ ಅದೊಂದು ರಬ್ಬರ್ ಕೋಟು. ಎದೆ, ಭುಜ, ಪಕ್ಕೆ, ಪೃಷ್ಠ ಯಾವುದಕ್ಕೂ ಬೇಲಿ ತಗುಲಿದ್ದು ಗೊತ್ತಾಗುವುದಿಲ್ಲ. ಶಾಕ್ ಮುಟ್ಟುವ ಜಾಗ ಮೂತಿ, ಕಿವಿ, ಕುತ್ತಿಗೆ ಮತ್ತು ಕಾಲು, ಅಷ್ಟೆ. ಕುತ್ತಿಗೆಗೂ ಹೊದಿಕೆ ಹಾಕಿದರೆ ಅದೂ ಹೋಯಿತು.

ಕೊಡಗು, ಹಾಸನದ ಕಡೆ ಆನೆಗೆ ಸೋಲಾರ್ ಬೇಲಿ ಹಾಕಿಸಿದವರಿಗೆ ಈ ಪಾಡು ಹೊಸದಲ್ಲ. ದಂತಕ್ಕೆ ಕರೆಂಟು ಹತ್ತುವುದಿಲ್ಲ ಎಂದು ಕಂಡುಕೊಂಡ ಆನೆ ದಂತದಿಂದಲೇ ತಂತಿ ಮೀಟುತ್ತದೆ. ಇಲ್ಲಿನ ಕುದುರೆ ರಗ್ಗಿನ ಹಿಂಭಾಗ ಕೊಟ್ಟು ಕಂಬಕ್ಕೆ ಉಜ್ಜುತ್ತದೆ.

ಅಕ್ಟೋಬರ್, ಮೊದಲ ವಾರ: ಕಂಬ ಮತ್ತು ಎಳೆ

ಸುತ್ತಳತೆ 240 ಮೀಟರ್. ಮೂಲೆಗೆ ನಾಲ್ಕು, ಗೇಟಿಗೆ ಎರಡು ಮರದ ಕಂಬ, 1.8 ಮೀಟರ್ ಉದ್ದ, 10 ಸೆಂಟಿಮೀಟರ್ ದಪ್ಪ, 60 ಸೆಂಟಿಮೀಟರ್ ನೆಲದೊಳಗೆ. ನಡುವೆ 4 ಮೀಟರಿಗೊಂದರಂತೆ ಪ್ಲಾಸ್ಟಿಕ್ ಗೂಟ, ನೆಲದ ಮೇಲೆ 1.2 ಮೀಟರ್ ನಿಲ್ಲುವಂಥದ್ದು. ಬೇಕಾದದ್ದು 55ರಷ್ಟು, ತಂದದ್ದು 65. ಹಿಮಗಾಳಿಗೆ ಅಗ್ಗದ ಪ್ಲಾಸ್ಟಿಕ್ ಪೆಡಸಾಗಿ ಮುರಿಯುತ್ತದೆ, ಹೆಚ್ಚುವರಿ ಇಲ್ಲದೆ ಜನವರಿ ದಾಟುವುದು ಕಷ್ಟ.

ಮೂರು ಎಳೆ: 120, 85, 50 ಸೆಂಟಿಮೀಟರ್ ಎತ್ತರದಲ್ಲಿ. ಮೇಲಿನದು 40 ಮಿಲಿಮೀಟರ್ ಅಗಲದ ಬಿಳಿ ಟೇಪು, ಕೆಳಗಿನ ಎರಡೂ 6 ಮಿಲಿಮೀಟರ್ ಹಗ್ಗ, ಎಲ್ಲದರಲ್ಲೂ ಕರೆಂಟು ಹರಿಯಲು ಲೋಹದ ಸಣ್ಣ ಎಳೆ ನೇಯ್ದಿರುತ್ತದೆ. 200 ಮೀಟರಿನ ಸುರುಳಿ ಟೇಪಿಗೆ ಎರಡು, ಹಗ್ಗಕ್ಕೆ ಮೂರು. ಅಗಲ ಟೇಪು ಕುದುರೆಯ ಕಣ್ಣಿಗೆ ಮುಸ್ಸಂಜೆಯಲ್ಲೂ ಕಾಣುತ್ತದೆ. ಓಡಿ ಬರುವ ಕುದುರೆಯನ್ನು ನಿಲ್ಲಿಸುವುದು ಮೊದಲು ಕಣ್ಣು, ಆಮೇಲೆ ಕರೆಂಟು. ಬರಿಯ ಹೈ ಟೆನ್ಸೈಲ್ (ಬಿಗಿದೆಳೆಯುವ ಗಟ್ಟಿ ಉಕ್ಕಿನ) ತಂತಿ ಕುದುರೆಗೆ ಸಲ್ಲದು, ಕಾಣಿಸದು, ಕಾಲಿಗೆ ಸಿಕ್ಕರೆ ಮಾಂಸ ಸೀಳುತ್ತದೆ. ಮುಳ್ಳುತಂತಿಗೆ ಕರೆಂಟು ಕೊಡುವುದನ್ನು ಸುರಕ್ಷತಾ ಮಾನದಂಡವೇ ನಿಷೇಧಿಸಿದೆ.

ಟೇಪು ಕೊಳ್ಳುವಾಗ ಬಣ್ಣ, ಬೆಲೆಗಿಂತ ಮೊದಲು ಪ್ರತಿ ಮೀಟರಿಗೆ ಎಷ್ಟು ಓಮ್, ಅಂದರೆ ಕರೆಂಟಿಗೆ ಎಷ್ಟು ತಡೆ ಎಂದು ನೋಡಬೇಕು. ಬರೀ ಸ್ಟೇನ್‌ಲೆಸ್ ಎಳೆಯ ಅಗ್ಗದ ಟೇಪಿನಲ್ಲಿ ಅದು 5 ಓಮ್ ಮೀರುವುದುಂಟು, ತವರ ಲೇಪಿಸಿದ ತಾಮ್ರದ ಎಳೆ ಸೇರಿದ್ದರಲ್ಲಿ ಅರ್ಧ ಓಮಿಗೂ ಕಡಿಮೆ. ಮೊದಲಿನದ್ದರಲ್ಲಿ ಒಂದಿಷ್ಟು ಹುಲ್ಲು ತಗುಲಿದರೂ ದೂರದ ತುದಿಗೆ ಹೋಗುವಷ್ಟರಲ್ಲಿ ವೋಲ್ಟೇಜ್ ಸೊರಗುತ್ತದೆ.

ಗೇಟಿಗೆ ಕರೆಂಟಿನ ಸ್ಪ್ರಿಂಗ್ ಹಾಕಲಿಲ್ಲ. ಅದರ ಸುರುಳಿಗೆ ಬಾಲವೂ ರಗ್ಗಿನ ಪಟ್ಟಿಯೂ ಸಿಕ್ಕಿಕೊಳ್ಳುತ್ತವೆ. ಹಗ್ಗ ಮತ್ತು ಪ್ಲಾಸ್ಟಿಕ್ ಹಿಡಿಕೆ ಸಾಕು. ಹಿಡಿಕೆ ಸಿಕ್ಕಿಸುವ ಕಂಬದ ಕಡೆಯಿಂದ ಗೇಟಿಗೆ ಕರೆಂಟು ಬರಬೇಕು. ಆಗ ಬಿಚ್ಚಿ ನೆಲಕ್ಕೆ ಬಿಟ್ಟ ಹಗ್ಗ ಸತ್ತಿರುತ್ತದೆ. ಉಲ್ಟಾ ಜೋಡಿಸಿದರೆ ಕುದುರೆ ಹಿಡಿದುಕೊಂಡು ದಾಟುವಾಗ ಕಾಲ ಬಳಿ ಜೀವಂತ ಹಗ್ಗ ಬಿದ್ದಿರುತ್ತದೆ.

ಅಕ್ಟೋಬರ್, ಮೂರನೆಯ ವಾರ: ಮಷೀನು ಮತ್ತು ಅರ್ಥಿಂಗ್

ಬೇಲಿಗೆ ಬಿಟ್ಟು ಬಿಟ್ಟು ಕರೆಂಟಿನ ಬಡಿತ ಕಳಿಸುವ ಮಷೀನು ಲಾಯದ ಗೋಡೆಯ ಮೇಲೆ, ಮಳೆ ತಾಗದಲ್ಲಿ, ಮನೆಯ ಕರೆಂಟಿನಿಂದ ನಡೆಯುವಂಥದ್ದು. ಸೆಕೆಂಡಿಗೆ ಒಂದಕ್ಕಿಂತ ಹೆಚ್ಚು ಬಡಿತ ಇರಬಾರದು, 500 ಓಮ್ ಹೊರೆಗೆ ಪ್ರತಿ ಬಡಿತದ ಶಕ್ತಿ 5 ಜೂಲ್ ಮೀರಬಾರದು ಎಂಬುದು ಅಂತರರಾಷ್ಟ್ರೀಯ ಮಾನದಂಡದ ಮಿತಿ. ಒಂದೇ ಬೇಲಿಗೆ ಎರಡು ಮಷೀನು ಕೊಡಬಾರದು: ಎರಡರ ಬಡಿತ ಬೆರೆತರೆ ನಡುವಿನ ಬಿಡುವೇ ಇಲ್ಲವಾಗುತ್ತದೆ. ಸಿಕ್ಕಿಬಿದ್ದ ಪ್ರಾಣಿಯೋ ಮನುಷ್ಯನೋ ಬಿಡಿಸಿಕೊಳ್ಳುವುದು ಆ ಬಿಡುವಿನಲ್ಲೇ.

ಲಾಯದಿಂದ ಬೇಲಿಗೆ 30 ಮೀಟರ್. ಬೇಲಿಗೆಂದೇ ತಯಾರಾದ ಎರಡು ಪದರದ ಕೇಬಲ್ಲನ್ನು ಪೈಪಿನೊಳಗೆ ಹೂತದ್ದಾಯಿತು. ಮನೆ ವೈರಿಂಗಿನ ಕೇಬಲ್ ಹೂಳುವವರು ಇನ್ನೂ ಇದ್ದಾರೆ. ಅದರ ಹೊದಿಕೆ ಕೆಲವು ನೂರು ವೋಲ್ಟಿಗೆ ಮಾಡಿದ್ದು, ಬೇಲಿಯಲ್ಲಿ ಓಡುವುದು ಸಾವಿರಗಟ್ಟಲೆ. ಮಣ್ಣಿನೊಳಗೇ ಸೋರಿ ಹೋಗುತ್ತದೆ, ಎಲ್ಲಿ ಎಂದು ಕಾಣುವುದೂ ಇಲ್ಲ.

ಅರ್ಥಿಂಗಿಗೆ ಗ್ಯಾಲ್ವನೈಸ್ ಮಾಡಿದ 1 ಮೀಟರಿನ ಮೂರು ರಾಡು, ಒಂದರಿಂದೊಂದು 3 ಮೀಟರ್ ದೂರ, ಲಾಯದ ವಿದ್ಯುತ್ ಅರ್ಥಿಂಗಿನಿಂದ 10 ಮೀಟರಿಗೂ ಆಚೆ. ಪರೀಕ್ಷೆ ಹೀಗೆ: ಮಷೀನಿನಿಂದ 100 ಮೀಟರಾಚೆ ಕಬ್ಬಿಣದ ಸಲಾಕೆಗಳನ್ನು ನೆಲಕ್ಕೆ ಚುಚ್ಚಿ ಬೇಲಿಗೆ ಒರಗಿಸಿ ವೋಲ್ಟೇಜನ್ನು 2000ಕ್ಕಿಂತ ಕೆಳಗೆ ಬೀಳಿಸುವುದು. ಆಮೇಲೆ ಕೊನೆಯ ರಾಡಿಗೆ ಮೀಟರಿನ ಒಂದು ತುದಿ, ಅಲ್ಲಿಂದ 1 ಮೀಟರ್ ದೂರದ ಮಣ್ಣಿಗೆ ಇನ್ನೊಂದು ತುದಿ. 300 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥಿಂಗ್ ಸಾಲದು.

ತೋರಿಸಿದ್ದು 700. ರಾಡುಗಳು ಲಾಯದ ಸೂರಿನಡಿಯ ಒಣ ಜಲ್ಲಿಯಲ್ಲಿದ್ದವು. ಕಿತ್ತು, ಮಳೆನೀರು ಇಳಿಯುವ ಚರಂಡಿಯ ಪಕ್ಕಕ್ಕೆ ಸರಿಸಿ, ನಾಲ್ಕನೆಯದೊಂದು ಸೇರಿಸಿದ ಮೇಲೆ 200ಕ್ಕೆ ಇಳಿಯಿತು. ರಾಡಿಗೆ ತಾಮ್ರದ ವೈರ್ ಸುತ್ತಿ ಬಿಟ್ಟರೆ ಎರಡು ಲೋಹ ಸೇರಿದ ಕಡೆ ತುಕ್ಕು ತಿನ್ನುತ್ತದೆ. ಗ್ಯಾಲ್ವನೈಸ್ ತಂತಿ, ಗ್ಯಾಲ್ವನೈಸ್ ಕ್ಲಾಂಪು.

ಬೇಲಿಯ ಕೊನೆಯಲ್ಲಿ 6800 ವೋಲ್ಟ್. ಬರಿಮೈ ಕುದುರೆಗೆ 3000 ಇದ್ದರೆ ನಡೆಯುತ್ತದೆ, ರಗ್ಗು ಅಥವಾ ದಟ್ಟ ಕೂದಲಿಗೆ ಒದ್ದೆ ದಿನದಲ್ಲೂ 4000ಕ್ಕಿಂತ ಇಳಿಯಬಾರದು. ಪಕ್ಕದಲ್ಲೇ ಸಾರ್ವಜನಿಕ ಕಾಲುದಾರಿ ಇರುವುದರಿಂದ 10 ಸೆಂಟಿಮೀಟರ್ ಎತ್ತರ, 20 ಸೆಂಟಿಮೀಟರ್ ಅಗಲದ ಹಳದಿ ಎಚ್ಚರಿಕೆ ಫಲಕ, ಎರಡೂ ಬದಿ ಓದುವಂತೆ.

ಕರೆಂಟು ಸಿಗದ ಹೊಲವಾಗಿದ್ದರೆ 12 ವೋಲ್ಟಿನ ಡೀಪ್ ಸೈಕಲ್ (ಮತ್ತೆ ಮತ್ತೆ ಇಳಿಸಿ ತುಂಬಬಹುದಾದ) ಬ್ಯಾಟರಿ. ಮಷೀನು 150 ಮಿಲಿಆಂಪ್ ಎಳೆದರೆ ದಿನಕ್ಕೆ 3.6 ಆಂಪ್ ಅವರ್. 100 ಆಂಪ್ ಅವರಿನ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗಿಳಿಸದೆ ಸುಮಾರು 14 ದಿನ. ಚಳಿಗೆ ಬ್ಯಾಟರಿ ಕುಗ್ಗುವುದರಿಂದ 10 ದಿನಕ್ಕೇ ಬದಲಿಸುವುದು ಲೇಸು. ಡಿಸೆಂಬರಿನ ಇಂಗ್ಲೆಂಡಿನಲ್ಲಿ ಸೋಲಾರ್ ಪ್ಯಾನೆಲ್ ಒಂದನ್ನೇ ನಂಬುವುದು ಬೇಡ.

ನವೆಂಬರ್: ಕುದುರೆಗೆ ಪಾಠ

ರಗ್ಗು ತೆಗೆದು, ಮಧ್ಯಾಹ್ನದ ಬೆಳಕಿನಲ್ಲಿ, ಒಂದೊಂದೇ ಕುದುರೆ. ಮೊದಲ ಪರಿಚಯ ಮರದ ಗಟ್ಟಿ ಬೇಲಿಯ ಮುಂದೆ ಎಳೆದ ಒಂದೇ ಟೇಪಿನಲ್ಲಿ. ಹೊಸ ಕುದುರೆ ಹೊಸ ವಸ್ತುವನ್ನು ಮೂತಿಯಿಂದ ಮೂಸುತ್ತದೆ, ಒದ್ದೆ ಮೂತಿಗೆ ಬಿದ್ದ ಒಂದು ಬಡಿತ ತಿಂಗಳುಗಟ್ಟಲೆ ನೆನಪಿರುತ್ತದೆ. ಎಲ್ಲವೂ ಹಿಂದಕ್ಕೇ ಹಾರುವುದಿಲ್ಲ, ಕೆಲವು ಮುಂದಕ್ಕೆ ನುಗ್ಗುತ್ತವೆ, ಅದಕ್ಕೇ ಹಿಂದೆ ಗಟ್ಟಿ ಬೇಲಿ. ಹಗ್ಗ ಹಿಡಿದು ಕುದುರೆಯನ್ನು ಟೇಪಿನ ಕಡೆ ಎಳೆಯಬಾರದು. ಶಾಕ್ ಕೊಟ್ಟವರು ನೀವೇ ಎಂದು ಅದು ತಿಳಿಯುತ್ತದೆ. ಮೂರೂ ಎರಡು ದಿನದಲ್ಲಿ ಕಲಿತವು. ರಗ್ಗು ಹಾಕಿದ್ದು ಆಮೇಲೆ. ಮೊದಲ ಭೇಟಿಯೇ ರಗ್ಗಿನೊಂದಿಗೆ ಆದರೆ ಕುದುರೆ ಎದೆ ಒರಗಿಸಿ, ಏನೂ ಆಗದು ಎಂದು ಕಲಿತುಬಿಡುತ್ತದೆ. ಆ ಪಾಠ ಅಳಿಸುವುದು ಬಲು ಕಷ್ಟ.

ತಿಂಗಳ ಕೊನೆಗೆ ಕುತ್ತಿಗೆ ಹೊದಿಕೆಯಿದ್ದ ಹೆಣ್ಣು ಕುದುರೆ ಆಚೆಯ ಹುಲ್ಲಿಗಾಗಿ ಎರಡು ಎಳೆಗಳ ನಡುವಿನ ಸಂದಿಯಿಂದ ತಲೆ ತೂರಿಸತೊಡಗಿತು. ಮೂತಿ ಜಾಣತನದಿಂದ ದಾಟಿದರೆ ಉಳಿದದ್ದೆಲ್ಲ ಬಟ್ಟೆ. ಮಳೆಯಿಲ್ಲದ ಹಗಲು ಕುತ್ತಿಗೆ ಹೊದಿಕೆ ಬಿಚ್ಚಿಟ್ಟು, ಬೇಲಿಯಾಚೆಯ ಹುಲ್ಲನ್ನು ಒಂದು ಮೀಟರ್ ಅಗಲಕ್ಕೆ ಕತ್ತರಿಸಿದ ಮೇಲೆ ಆಸೆಯೂ ತಗ್ಗಿತು, ಕೆಳಗಿನ ಹಗ್ಗದ ಸೋರಿಕೆಯೂ ತಗ್ಗಿತು.

ಡಿಸೆಂಬರ್: ಗಾಳಿ, ಆಮೇಲೆ ಹೆಪ್ಪು

ಬಿರುಗಾಳಿಯ ರಾತ್ರಿಯ ಮರುದಿನ ವೋಲ್ಟೇಜ್ 3100. ಬೇಲಿಯುದ್ದಕ್ಕೂ ಕಿವಿಗೊಟ್ಟು ನಡೆದಾಗ ಈಶಾನ್ಯ ಮೂಲೆಯಲ್ಲಿ ಚಟ್ ಚಟ್ ಸದ್ದು. ಟೇಪನ್ನು ಅವಸರದಲ್ಲಿ ಗಂಟು ಹಾಕಿ ಸೇರಿಸಿದ್ದ ಜಾಗ. ಗಂಟಿನೊಳಗೆ ಎಳೆಗಳು ಬಿಗಿಯಾಗಿ ತಾಗದೆ ಕಿಡಿ ಹಾರಿ, ಪ್ಲಾಸ್ಟಿಕ್ ಕರಗಿ ಕಂದು ಬಣ್ಣಕ್ಕೆ ತಿರುಗಿತ್ತು. ಕತ್ತರಿಸಿ ಲೋಹದ ಬಕಲ್ ಹಾಕಿದ ಮೇಲೆ 6500. ಟೇಪಿನ ಪಟಪಟಕ್ಕೆ ಮದ್ದು ಸುಲಭ: ಎರಡು ಗೂಟದ ನಡುವೆ ಒಂದು ಸುತ್ತು ತಿರುಚುವುದು, ಗಾಳಿ ಅದನ್ನು ಹಾಯಿಯಂತೆ ಹಿಡಿಯುವುದಿಲ್ಲ.

ಹೆಪ್ಪಿನದು ಬೇರೆಯೇ ಕಥೆ. ನೆಲ ಕಲ್ಲಾದ ಮೂರನೆಯ ದಿನ ಮೀಟರ್ 7200 ತೋರಿಸುತ್ತಿತ್ತು, ಕುದುರೆಗಳು ಮಾತ್ರ ಟೇಪಿಗೆ ಮೂತಿ ಒರಗಿಸಿ ನಿಂತಿದ್ದವು. ಸಂಖ್ಯೆ ಏರಿದ್ದು ಸೋರಿಕೆ ನಿಂತದ್ದರಿಂದ. ಶಾಕ್ ಆಗಬೇಕಾದರೆ ಕರೆಂಟು ಮೂತಿಯಿಂದ ಗೊರಸಿಗೆ, ಗೊರಸಿನಿಂದ ಮಣ್ಣಿನ ಮೂಲಕ ರಾಡಿಗೆ ಮರಳಬೇಕು. ಹೆಪ್ಪುಗಟ್ಟಿದ ಮಣ್ಣು, ಒಣ ಹಿಮ ಆ ದಾರಿ ಮುಚ್ಚುತ್ತವೆ. ಪರಿಹಾರ, ಮಣ್ಣನ್ನು ನಂಬದಿರುವುದು: ನಡುವಿನ ಹಗ್ಗವನ್ನು ಕರೆಂಟಿನಿಂದ ಬಿಡಿಸಿ ಮಷೀನಿನ ಅರ್ಥ್ ಕಡೆಗೆ ಕಟ್ಟಲಾಯಿತು. ಮೇಲಿನದು ಮತ್ತು ಕೆಳಗಿನದು ಜೀವಂತ, ನಡುವಿನದು ಅರ್ಥ್. ಸಂದಿಯಲ್ಲಿ ತಲೆ ತೂರಿಸುವ ಕುದುರೆ ಎರಡನ್ನೂ ಒಟ್ಟಿಗೆ ಮುಟ್ಟುತ್ತದೆ, ನೆಲ ಹೇಗಿದ್ದರೂ ಬಡಿತ ಬೀಳುತ್ತದೆ. ಇದರ ಬೆಲೆಯೂ ಇದೆ: ಗೂಟ ಮುರಿದು ಎರಡು ಎಳೆ ಕೂಡಿದರೆ ಇಡೀ ಬೇಲಿ ಶಾರ್ಟ್. ದಿನಕ್ಕೆರಡು ಸಲ ಸುತ್ತು ಹಾಕಲೇಬೇಕು.

ಜನವರಿ: ಪಟ್ಟಿ, ಕೊಂಡಿ

ರಗ್ಗಿನ ಹಿಂಗಾಲಿನ ಪಟ್ಟಿಯೊಂದು ಸಡಿಲವಾಗಿ ಜೋತು ಪ್ಲಾಸ್ಟಿಕ್ ಗೂಟದ ಕೊಕ್ಕೆಗೆ ಸಿಕ್ಕಿತು. ಗೂಟ ಕಿತ್ತುಬಂತು, ಕುದುರೆ ಓಡಿತು, ಗೂಟ ಬೆನ್ನಟ್ಟಿತು, ಹತ್ತು ಮೀಟರ್ ಬೇಲಿ ಹಿಂದೆಯೇ ಹೋಯಿತು. ಗಾಯವಾಗದಿದ್ದದ್ದು ಟೇಪಿನ ತುದಿ ಮೂಲೆಯಲ್ಲಿ ಹಿಡಿಕೆಯಿಂದ ಕಳಚಿಕೊಂಡದ್ದರಿಂದ. ಅಂದಿನಿಂದ ಪ್ರತಿ ಬದಿಯ ಒಂದು ತುದಿ ಕಳಚಿಕೊಳ್ಳುವ ಹಿಡಿಕೆ, ಬಿಗಿದು ಕಟ್ಟಿದ್ದು ಇನ್ನೊಂದು ತುದಿ ಮಾತ್ರ. ಕಾಲಿನ ಪಟ್ಟಿ ಮತ್ತು ತೊಡೆಯ ನಡುವೆ ಅಂಗೈ ಅಗಲದ ಬಿಡುವು ಸಾಕು, ಹೊಟ್ಟೆಯಡಿಯ ಪಟ್ಟಿಗೂ ಅಷ್ಟೆ. ಪಟ್ಟಿಯ ಕೊಂಡಿಯ ಬಾಯಿ ಕುದುರೆಯ ಮೈಕಡೆ ತಿರುಗಿರಬೇಕು. ತಲೆಗೆ ಹೆಡ್‌ಕಾಲರ್ ಪಟ್ಟಿ ಹಾಕಿ ಬೇಲಿಯೊಳಗೆ ಬಿಡುವುದನ್ನಂತೂ ಪೂರ್ತಿ ನಿಲ್ಲಿಸಿದ್ದಾಗಿದೆ.

ಫೆಬ್ರವರಿ, ಎರಡನೆಯ ವಾರ

ಗೇಟಿನ ಬಳಿ ಕೆಸರು ಗುಡ್ಡೆಯಾಗಿ ನೆಲವೇ 15 ಸೆಂಟಿಮೀಟರ್ ಏರಿದೆ. ಅಲ್ಲಿ ಮೇಲಿನ ಎಳೆ ಈಗ ಲೆಕ್ಕಕ್ಕೆ 105. ಕೆಳಗಿನ ಹಗ್ಗಕ್ಕೆ ಕೆಸರು ಮೆತ್ತುತ್ತಿರುವುದರಿಂದ ಅದಕ್ಕೊಂದು ಪ್ರತ್ಯೇಕ ಸ್ವಿಚ್ ಹಾಕಿ ಮಳೆ ದಿನ ಆರಿಸಿಡಲಾಗುತ್ತಿದೆ, ಆರಿಸಿದಾಗ ಮೇಲೆ 4600, ಹೊತ್ತಿಸಿದರೆ 3700. ಮುಂದಿನ ವಾರ ಕೆಸರು ಕೆರೆದು ಜಲ್ಲಿ ಹಾಸಿ ಮತ್ತೆ ಅಳೆಯಬೇಕು.