ಹಿಂದಿನ ಬೆಂಚಿಗೂ ಒಂದು ಕಾರ್ಡು

ಧಾರವಾಡದ ಪದವಿ ಕಾಲೇಜೊಂದರಲ್ಲಿ ಬಿ.ಎ. ಮೊದಲ ವರ್ಷದವರಿಗೆ ನಾನು ಅರ್ಥಶಾಸ್ತ್ರ ಕಲಿಸುತ್ತೇನೆ. ಹಾಜರಿ ಪುಸ್ತಕದಲ್ಲಿ ಸುಮಾರು 130 ಹೆಸರು. ಕಲಘಟಗಿ, ಅಳ್ನಾವರ, ನವಲಗುಂದ, ಸವದತ್ತಿ ಕಡೆಯಿಂದ ಬೆಳಗಿನ ಬಸ್ಸಿಗೆ ಬರುವವರೇ ಹೆಚ್ಚು. ಕೋಣೆ ಉದ್ದಕ್ಕಿದೆ. ಮೈಕ್ ಇರುವುದರಿಂದ ಕೊನೆಯ ಬೆಂಚಿಗೂ ನನ್ನ ದನಿ ಮುಟ್ಟುತ್ತದೆ, ಆ ಬೆಂಚಿನ ದನಿ ಮಾತ್ರ ನನಗೆ ಮುಟ್ಟುವುದಿಲ್ಲ. ದೊಡ್ಡ ಕ್ಲಾಸಿನ ನಿಜವಾದ ಕಷ್ಟ ಇದೇ. ಹೇಳುವುದಕ್ಕೆ ಸಾಧನಗಳು ಬೇಕಾದಷ್ಟಿವೆ: ಪ್ರೊಜೆಕ್ಟರ್ ಇದೆ, ಯೂಟ್ಯೂಬ್ ಇದೆ, 2017ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕೆಯ ತಾಣ ‘ಸ್ವಯಂ’ನಲ್ಲಿ ಒಳ್ಳೊಳ್ಳೆಯ ಪ್ರಾಧ್ಯಾಪಕರ ಪಾಠಗಳು ಪುಕ್ಕಟೆ ಸಿಗುತ್ತವೆ. ಆದರೆ ಕೇಳಿಸಿಕೊಳ್ಳುವುದಕ್ಕೆ? “ತಿಳೀತೇನ್ರಪಾ?” ಅಂದರೆ ಮುಂದಿನ ಎರಡು ಸಾಲು “ಹೂಂ ರೀ ಮೇಡಮ್” ಅನ್ನುತ್ತವೆ. ಉಳಿದ ನೂರು ಜನರ ತಲೆಯಲ್ಲಿ ಏನಿದೆ ಅಂತ ಪರೀಕ್ಷೆಯ ಪೇಪರ್ ತಿದ್ದುವಾಗ ಗೊತ್ತಾದರೆ ಯಾರಿಗೆ ಉಪಯೋಗ?

ಹಾಗಾಗಿ ಯಾವುದೇ ಹೊಸ ಆ್ಯಪು, ಹೊಸ ಬೋರ್ಡು ಬಂದರೂ ನಾನು ನೋಡುವುದು ಇಷ್ಟೇ. ಪಾಠ ನಡೆದಿರುವಾಗಲೇ ಹಿಂದಿನ ಬೆಂಚಿನ ಹುಡುಗಿ ಏನು ತಿಳಿದುಕೊಂಡಿದ್ದಾಳೆ ಅಂತ ಅದು ನನಗೆ ತೋರಿಸುತ್ತದೆಯೋ ಇಲ್ಲವೋ?

ನಾನು ನೆಚ್ಚಿಕೊಂಡಿರುವುದು ಪ್ಲಿಕರ್ಸ್ ಅನ್ನುವ ಆ್ಯಪನ್ನು. ವಿದ್ಯಾರ್ಥಿಗಳ ಕೈಯಲ್ಲಿರುವುದು ಬರೀ ಕಾಗದದ ಕಾರ್ಡು. ಒಂದೊಂದರ ಮೇಲೂ ಕಪ್ಪು-ಬಿಳುಪಿನ ಬೇರೆ ಬೇರೆ ಚೌಕ ವಿನ್ಯಾಸ; ಯಾವ ಬದಿ ಮೇಲೆ ಬರುವಂತೆ ಹಿಡಿದರು ಅನ್ನುವುದರ ಮೇಲೆ ಉತ್ತರ ಎ, ಬಿ, ಸಿ ಅಥವಾ ಡಿ. ನಾನು ಫೋನಿನ ಕ್ಯಾಮೆರಾವನ್ನು ಈ ಗೋಡೆಯಿಂದ ಆ ಗೋಡೆಗೆ ನಿಧಾನ ಹಾಯಿಸಿದರೆ ಅಷ್ಟೂ ಕಾರ್ಡು ಎಣಿಕೆಗೆ ಬರುತ್ತವೆ. ಇಂಟರ್ನೆಟ್ ಬೇಕಾಗುವುದು ನನ್ನ ಫೋನಿಗೆ ಮಾತ್ರ. ಅಣ್ಣನ ಜೊತೆ ಒಂದೇ ಫೋನ್ ಹಂಚಿಕೊಂಡವರು, ಡೇಟಾ ಮುಗಿಸಿಕೊಂಡವರು, ಫೋನೇ ಇಲ್ಲದವರು ನನ್ನ ಕ್ಲಾಸಿನಲ್ಲಿದ್ದಾರೆ; ಯಾರೂ ಹೊರಗುಳಿಯುವುದಿಲ್ಲ. ಕಾರ್ಡಿನ ದೊಡ್ಡ ಕಟ್ಟಿನಲ್ಲಿಯೂ 63 ಮಾತ್ರ ಇರುವುದರಿಂದ ಬೆಂಚಿಗೊಂದರಂತೆ ಕೊಡುತ್ತೇನೆ. ಮೂವರು ಸೇರಿ ಒಂದು ಉತ್ತರಕ್ಕೆ ಬರಬೇಕು. ಕಾರ್ಡಿನ ಮೇಲೆ ಅಕ್ಷರ ಸಣ್ಣದಾಗಿರುವುದರಿಂದ ಯಾವ ಬೆಂಚು ಯಾವ ಉತ್ತರ ಹಿಡಿದಿದೆ ಅಂತ ಪಕ್ಕದವರಿಗೆ ಕಾಣುವುದಿಲ್ಲ. ಊರಿನಿಂದ ಬಂದು ಮೊದಲ ಸೆಮಿಸ್ಟರ್ ಪೂರ್ತಿ ಬಾಯಿ ಬಿಡದ ಹುಡುಗಿಯರು ಕಾರ್ಡನ್ನು ಧೈರ್ಯವಾಗಿ ಎತ್ತುತ್ತಾರೆ.

ಒಂದು ಪ್ರಶ್ನೆ ಹೇಳುತ್ತೇನೆ. ಬೇಡಿಕೆ ರೇಖೆ ಅಂದರೆ ಒಂದೊಂದು ಬೆಲೆಗೆ ಜನ ಎಷ್ಟು ಕೊಳ್ಳುತ್ತಾರೆ ಅಂತ ತೋರಿಸುವ ಗೆರೆ. ಅದರ ಪಾಠ ಮುಗಿದ ಮೇಲೆ ಪರದೆಯ ಮೇಲೆ ಹೀಗೆ ಹಾಕಿದೆ: “ಈ ಸಲ ಫಸಲು ಭರ್ತಿ ಬಂದು ಬ್ಯಾಡಗಿ ಮೆಣಸಿನಕಾಯಿ ಬೆಲೆ ಇಳಿದಿದೆ. ಜನ ಮೊದಲಿಗಿಂತ ಹೆಚ್ಚು ಕೊಳ್ಳುತ್ತಿದ್ದಾರೆ. ಬೇಡಿಕೆ ರೇಖೆಗೆ ಏನಾಗುತ್ತದೆ? ಬಲಕ್ಕೆ ಸರಿಯುತ್ತದೆ, ಎಡಕ್ಕೆ ಸರಿಯುತ್ತದೆ, ರೇಖೆ ಇದ್ದಲ್ಲೇ ಇದ್ದು ಅದರ ಗುಂಟ ಕೆಳಗೆ ಬರುತ್ತೇವೆ, ಹೇಳಲಾಗದು.” ಅರ್ಧಕ್ಕಿಂತ ಹೆಚ್ಚು ಬೆಂಚುಗಳು ‘ಬಲಕ್ಕೆ’ ಅಂದವು. ಕೊಳ್ಳುವುದು ಹೆಚ್ಚಾಯಿತು ಅಂದಮೇಲೆ ಬೇಡಿಕೆ ರೇಖೆಯೇ ಸರಿಯಿತು ಅಂದುಕೊಳ್ಳುವುದು ಬಹಳ ಸಹಜ. ಆದರೆ ಸರಿಯುತ್ತರ ಮೂರನೆಯದು: ರೇಖೆ ಇದ್ದಲ್ಲೇ ಇರುತ್ತದೆ.

ಫಲಿತಾಂಶವನ್ನು ಆಗಲೇ ತೋರಿಸುವುದಿಲ್ಲ. ತೋರಿಸಿದರೆ ಎಲ್ಲರೂ ಗ್ರಾಫಿನ ಉದ್ದನೆಯ ಕಂಬದ ಕಡೆಗೇ ವಾಲುತ್ತಾರೆ. ಮುಂದಿನ ಬೆಂಚಿನವರು ಹಿಂದಕ್ಕೆ ತಿರುಗಿ, ಹಿಂದಿನವರಿಗೆ ತಮ್ಮ ಉತ್ತರವನ್ನು ಒಪ್ಪಿಸಬೇಕು. ಸಮಯ ಎರಡು ಮೂರು ನಿಮಿಷ. ಕೋಣೆ ಸಂತೆಯಾಗುತ್ತದೆ, ಆಗಲಿ. ನಾನು ಸಾಲುಗಳ ನಡುವೆ ಓಡಾಡುತ್ತ ಕೇಳುತ್ತೇನೆ. ಕುಂದಗೋಳ ಕಡೆಯ ಹುಡುಗನೊಬ್ಬ ಹೇಳುತ್ತಿದ್ದ: “ರೇಟ್ ಇಳದೈತಿ ಅಂತ ತೊಗೊಳ್ಳಾಕತ್ಯಾರ. ನಾಳೆ ಏರಿದ್ರ ಬಿಡ್ತಾರ. ಹಂಗಾರ ಮಂದಿ ಮನಸ್ಸು ಎಲ್ಲಿ ಬದಲಾತು?” ಅವನ ಹಿಂದೆ ಕೂತವಳು ಬಿಡಲಿಲ್ಲ: “ಮತ್ತ ಮದುವಿ ಸೀಜನ್ನಿನ್ಯಾಗ ರೇಟ್ ಇದ್ರೂ ತೊಗೊಳ್ತಾರಲ್ಲ?” “ಅದು ಬ್ಯಾರೆ. ಅಲ್ಲಿ ರೇಟ್ ಇಳದಿಲ್ಲ, ಬೇಕಾಗೋದ ಹೆಚ್ಚಾಗೇತಿ. ಅವಾಗ ರೇಖಾ ಸರೀತೈತಿ.” ಪಠ್ಯಪುಸ್ತಕ ಎರಡು ಪುಟದಲ್ಲಿ ಹೇಳುವುದನ್ನು ಇಬ್ಬರೂ ಸೇರಿ ಬಿಡಿಸಿಬಿಟ್ಟಿದ್ದರು. ನಾನು ಹೇಳಿದ್ದರೆ ಬರೆದುಕೊಳ್ಳುತ್ತಿದ್ದರು. ಒಬ್ಬರಿಗೊಬ್ಬರು ಹೇಳಿಕೊಂಡಿದ್ದರಿಂದ ಅದು ಅವರದಾಯಿತು.

ಎರಡನೇ ಸಲ ಕಾರ್ಡು ಎತ್ತಿದಾಗ ಹೆಚ್ಚಿನ ಬೆಂಚುಗಳು ಸರಿಯುತ್ತರಕ್ಕೆ ಬಂದಿದ್ದವು. ಆದರೆ ಅಷ್ಟಕ್ಕೆ ಬಿಟ್ಟರೆ, ತಿಳಿದು ಬದಲಿಸಿದರೋ ಜಾಣರ ಮಾತಿಗೆ ತಲೆದೂಗಿದರೋ ಗೊತ್ತಾಗುವುದಿಲ್ಲ. ಅದಕ್ಕೇ ಕೂಡಲೇ ಇನ್ನೊಂದು ಕೇಳಿದೆ. ಬ್ಯಾಡಗಿ ಮೆಣಸಿನಕಾಯಿಯಿಂದ ಓಲಿಯೊರೆಸಿನ್ ಎಂಬ ಬಣ್ಣದ ಸಾರ ತೆಗೆಯುತ್ತಾರೆ, ಅದು ತಿನಿಸಿಗೂ ಹೋಗುತ್ತದೆ, ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ. ಆ ಕಾರ್ಖಾನೆಗಳಿಗೆ ಹೊರದೇಶದ ಆರ್ಡರ್ ಹೆಚ್ಚಾದರೆ ರೇಖೆ ಏನಾಗುತ್ತದೆ? ಈ ಸಲ ರೇಖೆ ನಿಜಕ್ಕೂ ಬಲಕ್ಕೆ ಸರಿಯುತ್ತದೆ. ಬಹುಪಾಲು ಬೆಂಚುಗಳು ಅದನ್ನೇ ಹಿಡಿದವು.

ಈ ಕ್ರಮ ನಾನು ಕಂಡುಹಿಡಿದದ್ದಲ್ಲ. ಹಾರ್ವರ್ಡ್‌ನ ಭೌತಶಾಸ್ತ್ರಜ್ಞ ಎರಿಕ್ ಮಝೂರ್ 1990ರ ದಶಕದ ಆರಂಭದಲ್ಲಿ ಇದನ್ನು ರೂಪಿಸಿದರು. ಅವರ ವಿದ್ಯಾರ್ಥಿಗಳು ಕಠಿಣ ಲೆಕ್ಕಗಳನ್ನು ಸರಿಯಾಗಿ ಬಿಡಿಸುತ್ತಿದ್ದರು, ಬಲ ಮತ್ತು ಚಲನೆಯ ಸರಳ ಪ್ರಶ್ನೆಗಳಲ್ಲಿ ಎಡವುತ್ತಿದ್ದರು. ಸರಿಯುತ್ತರ ಸುಮಾರು 30ರಿಂದ 70 ಪ್ರತಿಶತದ ನಡುವೆ ಇದ್ದಾಗ ಚರ್ಚೆಗೆ ಬಿಡಬೇಕು, ಅದಕ್ಕಿಂತ ಕಡಿಮೆಯಿದ್ದರೆ ಮತ್ತೆ ವಿವರಿಸಬೇಕು, ಹೆಚ್ಚಿದ್ದರೆ ಚುಟುಕಾಗಿ ಹೇಳಿ ಮುಂದೆ ಹೋಗಬೇಕು ಅನ್ನುವುದು ಅವರ ಅಳತೆ. ನಾನೂ ಅದನ್ನೇ ಹಿಡಿದಿದ್ದೇನೆ. 2009ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಕೊಲರಾಡೊ ವಿಶ್ವವಿದ್ಯಾಲಯದ ತಳಿಶಾಸ್ತ್ರದ ದೊಡ್ಡ ತರಗತಿಯೊಂದರ ಅಧ್ಯಯನ ಬಂತು. ಗುಂಪಿನಲ್ಲಿ ಯಾರಿಗೂ ಮೊದಲು ಸರಿಯುತ್ತರ ಗೊತ್ತಿಲ್ಲದಿದ್ದರೂ ಚರ್ಚೆಯಾದ ಮೇಲೆ ಅಂಥದೇ ಬೇರೆ ಪ್ರಶ್ನೆಗೆ ಸರಿಯಾಗಿ ಉತ್ತರಿಸುವುದು ಹೆಚ್ಚುತ್ತದೆ ಅಂತ ಅದು ತೋರಿಸಿತು. ಹಾಗೆಯೇ 2008ರಲ್ಲಿ ಕೆನಡಾದ ಭೌತಶಾಸ್ತ್ರ ಅಧ್ಯಾಪಕ ನಥಾನಿಯಲ್ ಲಾಸ್ರಿ, ಗುಂಡಿ ಒತ್ತಿ ಉತ್ತರ ಕೊಡುವ ಎಲೆಕ್ಟ್ರಾನಿಕ್ ಕ್ಲಿಕರ್ ಮತ್ತು ಬರೀ ಫ್ಲ್ಯಾಶ್ ಕಾರ್ಡನ್ನು ಹೋಲಿಸಿ ನೋಡಿದಾಗ ಕಲಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ದುಡ್ಡಿಲ್ಲದ ಕಾಲೇಜಿನವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಏನಿದೆ? ದುಬಾರಿ ಯಂತ್ರಕ್ಕೆ ಕಾಯಬೇಕಾಗಿಲ್ಲ.

ಈ ಕಾರ್ಡಿಗೆ ನಾನು ಅಂಕ ಕೊಡುವುದಿಲ್ಲ, ಕೊಡಲೂಬಾರದು. ಇಂಟರ್ನಲ್ ಮಾರ್ಕ್ಸ್ ತಂದು ಜೋಡಿಸಿದ ದಿನ ಹುಡುಗರು ತಮಗೆ ಅನಿಸಿದ್ದನ್ನು ಬಿಟ್ಟು ಜಾಣ ಬೆಂಚಿಗೆ ಅನಿಸಿದ್ದನ್ನು ಎತ್ತುತ್ತಾರೆ.

“ಹಿಂಗ ಮಾಡ್ಕೋತ ಕುಂತ್ರ ಸಿಲಬಸ್ ಮುಗಿಸೋದು ಯಾವಾಗ್ರೀ?” ಅಂತ ಸ್ಟಾಫ್ ರೂಮಿನಲ್ಲಿ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ವ್ಯಾಖ್ಯೆ, ಕೋಷ್ಟಕ, ವಿಧಗಳು, ಇವನ್ನೆಲ್ಲ ಹತ್ತು ನಿಮಿಷದ ಆಡಿಯೊ ಮಾಡಿ ಹಿಂದಿನ ದಿನವೇ ವಾಟ್ಸ್ಆ್ಯಪ್ ಗುಂಪಿಗೆ ಹಾಕುತ್ತೇನೆ. ವಿಡಿಯೊದಷ್ಟು ಡೇಟಾ ತಿನ್ನುವುದಿಲ್ಲ, ಬಸ್ಸಿನಲ್ಲಿ ಕಿವಿಗೆ ಹಾಕಿಕೊಂಡು ಕೇಳಬಹುದು. ಕ್ಲಾಸಿನ ಸಮಯ ಕಠಿಣ ಭಾಗಕ್ಕೆ ಉಳಿಯುತ್ತದೆ.

ಕೊನೆಯ ಐದು ನಿಮಿಷ ಪರದೆಯ ಮೇಲೆ ಕ್ಯೂಆರ್ ಕೋಡ್. ಗೂಗಲ್ ಫಾರ್ಮಿನಲ್ಲಿ ಒಂದೇ ಪ್ರಶ್ನೆ: ಇವತ್ತಿನದರಲ್ಲಿ ಯಾವುದು ಇನ್ನೂ ತಿಳಿದಿಲ್ಲ? ಹೆಸರು ಬೇಡ. ಕನ್ನಡ ಟೈಪ್ ಮಾಡಲು ಬೇಸರಪಡುವವರು ಫೋನಿಗೆ ಮಾತಾಡಿದರೆ ಅದೇ ಕನ್ನಡದಲ್ಲಿ ಬರೆದುಕೊಳ್ಳುತ್ತದೆ, ಫೋನ್ ಇಲ್ಲದವರು ಅರ್ಧ ಹಾಳೆಯಲ್ಲಿ ಬರೆದು ಟೇಬಲ್ ಮೇಲಿಡುತ್ತಾರೆ. ಸಂಜೆ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಮರಳುವಾಗ ಇವನ್ನು ಓದುತ್ತೇನೆ. ಉಣಕಲ್ ಕೆರೆ ಬರುವಷ್ಟರಲ್ಲಿ ಮರುದಿನದ ಮೊದಲ ಹತ್ತು ನಿಮಿಷ ಯಾವುದಕ್ಕೆ ಕೊಡಬೇಕು ಅನ್ನುವುದು ನಿಶ್ಚಯವಾಗಿರುತ್ತದೆ. “ಬೆಲೆ ಏರಿದರೆ ಪೂರೈಕೆ ಹೆಚ್ಚುತ್ತದೆ ಅಂತೀರಿ, ನಮ್ಮಪ್ಪ ಈಗ ಬಿತ್ತಲು ಆಗುವುದಿಲ್ಲವಲ್ಲ?” ಅಂತ ಒಮ್ಮೆ ಯಾರೋ ಬರೆದಿದ್ದರು. ಅಲ್ಪಾವಧಿ, ದೀರ್ಘಾವಧಿ ಪೂರೈಕೆಯ ಪಾಠವನ್ನು ಅದೇ ಸಾಲಿನಿಂದ ಶುರುಮಾಡಿದೆ.

ತಂತ್ರಜ್ಞಾನದ ಭಾಗ ಒಂದು ಮಧ್ಯಾಹ್ನದಲ್ಲಿ ಕಲಿಯುವಂಥದ್ದು. ನಿಜವಾದ ದುಡಿಮೆ ಇರುವುದು ಪ್ರಶ್ನೆ ಕಟ್ಟುವುದರಲ್ಲಿ. ತಪ್ಪು ಆಯ್ಕೆಗಳು ಕೂಡ ಹುಡುಗರು ನಿಜಕ್ಕೂ ಯೋಚಿಸುವ ರೀತಿಯಲ್ಲಿಯೇ ಇರಬೇಕು, ಇಲ್ಲದಿದ್ದರೆ ಚರ್ಚೆ ಹತ್ತಿಕೊಳ್ಳುವುದಿಲ್ಲ. ಮುಂದಿನ ಸೆಮಿಸ್ಟರಿನ ರಾಷ್ಟ್ರೀಯ ಆದಾಯಕ್ಕೆ ಈಗ ಒಂದನ್ನು ಕಟ್ಟುತ್ತಿದ್ದೇನೆ. ಅವ್ವ ಮನೆಮಂದಿಗೆ ಜೋಳದ ರೊಟ್ಟಿ ಬಡಿದರೆ ಅದು ಜಿಡಿಪಿಗೆ ಸೇರುತ್ತದೆಯೇ? ಅದೇ ರೊಟ್ಟಿಯನ್ನು ಖಾನಾವಳಿಗೆ ಮಾರಿದರೆ? ಖಾನಾವಳಿಯವರು ಅದನ್ನು ಊಟದ ತಾಟಿಗೆ ಹಾಕಿ ಗಿರಾಕಿಯಿಂದ ದುಡ್ಡು ತೆಗೆದುಕೊಂಡರೆ, ರೊಟ್ಟಿಯ ಬೆಲೆಯನ್ನು ಎರಡು ಸಲ ಎಣಿಸಬೇಕೇ? ಮೊದಲೆರಡಕ್ಕೆ ಆಯ್ಕೆಗಳು ಕೂತಿವೆ. ಮೂರನೆಯದಕ್ಕೆ ನಾಲ್ಕನೇ ಆಯ್ಕೆ ಇನ್ನೂ ಸಪ್ಪೆಯಾಗಿದೆ. ಗದಗ, ಹಾವೇರಿ ಕಡೆ ಇದೇ ಪಾಠ ಮಾಡುವವರು ಯಾರಿಗಾದರೂ ಒಳ್ಳೆಯದು ಹೊಳೆದರೆ ಬರೆದು ಕಳಿಸಿ, ನನ್ನ ಹತ್ತಿರ ಇರುವ ಪ್ರಶ್ನೆಗಳ ಕಡತವನ್ನು ನಿಮಗೂ ಕಳಿಸುತ್ತೇನೆ.